600 ಕಿಲೋಮೀಟರಿಗೆ ಎಂಟು ರಾತ್ರಿ ಏಕೆ?

ಈ ನವೆಂಬರ್ ಕೊನೆಯಲ್ಲಿ ಉತ್ತರ ಥಾಯ್ಲೆಂಡಿನ ಬೆಟ್ಟಸೀಮೆಯಲ್ಲಿ ಕಾರು ಬಾಡಿಗೆಗೆ ಪಡೆದು, ನಾವೇ ಓಡಿಸಿಕೊಂಡು ಸುತ್ತಿ ಬರುವುದೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿದೆ. ಹೊರಡುವವರು ನಾನು, ನನ್ನ ಹೆಂಡತಿ, ಅವಳ ತಮ್ಮ ಮತ್ತು 68 ದಾಟಿದ ನಮ್ಮತ್ತೆ. ಯೋಜನೆಯ ಹಾಳೆಯನ್ನು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದ ಹತ್ತು ನಿಮಿಷದೊಳಗೆ ಎರಡು ಪ್ರಶ್ನೆಗಳು ಬಂದವು. ಚಿಕ್ಕಪ್ಪನ ಮಗ ಕೇಳಿದ್ದು, "ಅಣ್ಣಾ, 600 ಕಿಲೋಮೀಟರಿಗೆ ಎಂಟು ರಾತ್ರಿಯೇ? ಬೆಂಗಳೂರಿನಿಂದ ಬೀದರಿಗೆ ನಾವು ಒಂದೇ ಹಗಲಿನಲ್ಲಿ ಹೋಗುತ್ತೇವಲ್ಲ?" ಇನ್ನೊಬ್ಬರದು ಪ್ರಶ್ನೆಗಿಂತ ಹೆಚ್ಚಾಗಿ ಸಲಹೆ: "ಅಷ್ಟು ದೂರ ಹೋದ ಮೇಲೆ ಲಾವೋಸ್, ವಿಯೆಟ್ನಾಂ ಕೂಡ ಮುಗಿಸಿಕೊಂಡೇ ಬಂದುಬಿಡಿ." ಊರು, ದೇಶಗಳನ್ನು ಬಾಕಿ ಕೆಲಸದಂತೆ "ಮುಗಿಸುವ" ಈ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟಿದೆ. ಆದರೂ ಇಬ್ಬರಿಗೂ ಇಲ್ಲಿಯೇ ವಿವರವಾಗಿ ಉತ್ತರಿಸುತ್ತಿದ್ದೇನೆ. ಇಂಥ ಪ್ರಯಾಣದ ಆಲೋಚನೆಯಲ್ಲಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ಎರಡನೆಯದನ್ನು ಮೊದಲು ತೀರಿಸಿಬಿಡುತ್ತೇನೆ. ನಮ್ಮ ಆರ್‌ಟಿಒ ಕಚೇರಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಅಂದರೆ ಐಡಿಪಿ, 1949ರ ಜಿನೀವಾ ಒಪ್ಪಂದದ ಮಾದರಿಯದು. ಥಾಯ್ಲೆಂಡ್ ಆ ಒಪ್ಪಂದದಲ್ಲಿದೆ. ವಿಯೆಟ್ನಾಂ ಒಪ್ಪಿಕೊಂಡಿರುವುದು 1968ರ ವಿಯೆನ್ನಾ ಒಪ್ಪಂದವನ್ನು; ಹಾಗಾಗಿ ಹಾ ಜಿಯಾಂಗ್‌ನ ಸುಣ್ಣಕಲ್ಲಿನ ಬೆಟ್ಟಗಳ ವಿಡಿಯೊ ನೋಡಿ ಅಲ್ಲಿ ಬೈಕು ಹತ್ತುವ ನಮ್ಮ ಹುಡುಗರ ಜೇಬಿನಲ್ಲಿರುವ ಐಡಿಪಿಗೆ ಅಲ್ಲಿ ಬೆಲೆಯಿಲ್ಲ, ಅಪಘಾತವಾದರೆ ವಿಮೆಯವರು ಕೈಯೆತ್ತುವುದಕ್ಕೆ ಅದೊಂದೇ ಕಾರಣ ಸಾಕು. ಲಾವೋಸ್‌ನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ, ಥಾಯ್ಲೆಂಡಿನಲ್ಲಿ ನಮ್ಮಲ್ಲಿಯಂತೆ ಎಡಬದಿಯಲ್ಲಿ. ಅದಲ್ಲದೆ ಬಾಡಿಗೆ ಕಾರನ್ನು ಮೆಕಾಂಗ್ ನದಿಯಾಚೆ ಒಯ್ಯಲು ಅದರ ಮಾಲೀಕರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇನ್ನು ನಮ್ಮದೇ ಕೆಎ ನಂಬರಿನ ಕಾರಿನಲ್ಲಿ ಬ್ಯಾಂಕಾಕಿಗೆ ಹೋಗುವ ಕನಸು ಕಾಣುವವರಿಗೆ ನನ್ನ ಸಹಾನುಭೂತಿಯಿದೆ; ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ದಾಟಿ ಥಾಯ್ಲೆಂಡಿನ ಮೇ ಸೋತ್ ತಲುಪಬೇಕಾದ ಸುಮಾರು 1,360 ಕಿಲೋಮೀಟರಿನ ತ್ರಿಪಕ್ಷೀಯ ಹೆದ್ದಾರಿಯ ಮಾತನ್ನು ನಾನೂ ವರ್ಷಗಳಿಂದ ಕೇಳುತ್ತಲೇ ಬಂದಿದ್ದೇನೆ. ಆದರೆ 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ಸೇನೆಯ ಕೈಗೆ ಹೋದಮೇಲೆ ಆ ದಾರಿಯನ್ನು ಕುಟುಂಬದ ಪ್ರವಾಸಕ್ಕೆಂದು ಯೋಚಿಸುವುದೂ ಸರಿಯಲ್ಲ. ಅಲ್ಲದೆ 2016ರಿಂದ ನಮ್ಮಂಥ ದೇಶಗಳ ವಾಹನ ಥಾಯ್ಲೆಂಡಿನೊಳಗೆ ಬರಬೇಕಾದರೆ ಅಲ್ಲಿನ ಪ್ರವಾಸ ಸಂಸ್ಥೆಯ ಮೂಲಕ ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ನಿಯಮವೂ ಇದೆ. ಆದ್ದರಿಂದ ಒಂದೇ ದೇಶ, ಒಂದೇ ಸುತ್ತು.

ಆ ಸುತ್ತಿಗೆ ಮೇ ಹಾಂಗ್ ಸಾನ್ ಲೂಪ್ ಎಂದು ಹೆಸರು. ಉತ್ತರ ಥಾಯ್ಲೆಂಡಿನ ದೊಡ್ಡ ನಗರ ಚಿಯಾಂಗ್ ಮಾಯ್‌ನಿಂದ ನೈರುತ್ಯಕ್ಕೆ ಹೊರಟು, 108ನೇ ಹೆದ್ದಾರಿಯಲ್ಲಿ ಹೋತ್ ಮೂಲಕ ಮೇ ಸರಿಯಾಂಗ್‌ಗೆ ಸುಮಾರು 190 ಕಿಲೋಮೀಟರ್. ಅಲ್ಲಿಂದ ಉತ್ತರಕ್ಕೆ, ಮ್ಯಾನ್ಮಾರ್ ಗಡಿಯ ಮಗ್ಗುಲಲ್ಲೇ, ಖುನ್ ಯುವಾಮ್ ದಾಟಿ ಮೇ ಹಾಂಗ್ ಸಾನ್‌ಗೆ ಸುಮಾರು 165. ಮುಂದೆ 1095ನೇ ರಸ್ತೆಯಲ್ಲಿ ಪಾಂಗ್ ಮಫಾ ಮೂಲಕ ಪಾಯ್‌ಗೆ 110. ಪಾಯ್‌ನಿಂದ ಚಿಯಾಂಗ್ ಮಾಯ್‌ಗೆ 130. ಕೂಡಿದರೆ 600ರ ಹತ್ತಿರ. ಬೀದರಿನ ಲೆಕ್ಕ ಹಾಕುವ ನನ್ನ ತಮ್ಮನಿಗೆ ಹೇಳಬೇಕಾದ ಇನ್ನೊಂದು ಅಂಕಿ ಇದೆ: ಈ ಸುತ್ತಿನಲ್ಲಿ 1,864 ತಿರುವುಗಳಿವೆ. ಇದನ್ನು ಪೂರೈಸಿದವರಿಗೆ ಮೇ ಹಾಂಗ್ ಸಾನ್ ಊರಿನಲ್ಲಿ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಚಿಯಾಂಗ್ ಮಾಯ್–ಪಾಯ್ ನಡುವೆಯೇ 762 ತಿರುವುಗಳೆಂದು ಪಾಯ್‌ನ ಅಂಗಿಗಳ ಮೇಲೆಲ್ಲ ಅಚ್ಚು ಹಾಕಿಸಿ ಮಾರುತ್ತಾರೆ. ಆಗುಂಬೆ ಘಾಟಿಯಲ್ಲಿರುವ ಹೇರ್‌ಪಿನ್ ತಿರುವುಗಳು 14, ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ದಾರಿಯಲ್ಲಿ 36. ಇಲ್ಲಿ ಎಲ್ಲವೂ ಹೇರ್‌ಪಿನ್ ಅಲ್ಲವೆಂಬುದು ನಿಜ, ರಸ್ತೆ ನಮ್ಮ ಘಾಟಿಗಳಿಗಿಂತ ನುಣುಪಾಗಿದೆ ಎಂಬುದೂ ನಿಜ. ಆದರೆ ಏರಿದ್ದನ್ನೆಲ್ಲ ಇಳಿದು ಮತ್ತೆ ಏರಬೇಕಾದ ಈ ದಾರಿಯಲ್ಲಿ ನಕ್ಷೆ ತೋರಿಸುವ ಮೂರು ಗಂಟೆ ನನ್ನಂಥವರಿಗೆ ಸಲೀಸಾಗಿ ಐದಾಗುತ್ತದೆ, ಹಿಂದಿನ ಸೀಟಿನಲ್ಲಿ ಯಾರಿಗಾದರೂ ವಾಂತಿ ಶುರುವಾದರೆ ಆರು.

ಇದು ಅನುಭವದ ಮಾತು. ಹಿಂದೊಮ್ಮೆ, ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಮಾರ್ಚ್ ತಿಂಗಳಲ್ಲಿ, ನಾವಿಬ್ಬರೇ ಈ ಸುತ್ತನ್ನು ನಾಲ್ಕು ದಿನದಲ್ಲಿ ಓಡಿ ಬಂದಿದ್ದೆವು. ಎರಡು ತಪ್ಪುಗಳನ್ನು ಒಟ್ಟಿಗೆ ಮಾಡಿದ್ದೆವೆಂದು ಈಗ ಹೇಳಬಲ್ಲೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೊಗೆಯ ಕಾಲ. ಮೆಕ್ಕೆಜೋಳದ ಹೊಲಗಳ ಕೂಳೆಗೆ ಇಟ್ಟ ಬೆಂಕಿ, ಕಾಡಿನ ಬೆಂಕಿ, ಗಡಿಯಾಚೆಯ ಬೆಂಕಿ ಎಲ್ಲದರ ಹೊಗೆಯೂ ಕಣಿವೆಗಳಲ್ಲಿ ಇಳಿದು ಮೇಲೇಳದೆ ಕೂತುಬಿಡುತ್ತದೆ, ಮತ್ತು ಮಾರ್ಚ್‌ನ ಕೆಲವು ದಿನ ಚಿಯಾಂಗ್ ಮಾಯ್ ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯ ತುದಿಗೇರುತ್ತದೆ. ಮೇ ಹಾಂಗ್ ಸಾನ್‌ನ ದೋಯ್ ಕೋಂಗ್ ಮೂ ಗುಡ್ಡದ ದೇವಾಲಯದಿಂದ ಕೆಳಗಿನ ಊರು ಕಾಣಬೇಕಿತ್ತು. ನಮಗೆ ಕಂಡದ್ದು ಹಾಲಿನಲ್ಲಿ ಬೂದಿ ಕದಡಿದಂಥ ಬಣ್ಣ ಮಾತ್ರ. ನಮ್ಮ ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಸ್ಟೇರಿಂಗಿನ ಎಡಕ್ಕಿದ್ದರೆ ಅಲ್ಲಿನ ಜಪಾನೀ ಕಾರುಗಳಲ್ಲಿ ಬಲಕ್ಕಿರುತ್ತದೆ. ಆ ಅಭ್ಯಾಸ ಬಿಡದ ನಾನು ಇಂಡಿಕೇಟರ್ ಹಾಕಹೋದಾಗಲೆಲ್ಲ ವೈಪರ್ ಎದ್ದು, ಗಾಜಿನ ಮೇಲೆ ಉದುರಿದ್ದ ಒಣ ಬೂದಿಯನ್ನು ಕಮಾನಿನಾಕಾರಕ್ಕೆ ಬಳಿಯುತ್ತಿತ್ತು. ಹೆಂಡತಿ ಮೊದಲ ದಿನ ನಕ್ಕಳು, ಎರಡನೆಯ ದಿನ ನಗಲಿಲ್ಲ.

ಎರಡನೆಯ ತಪ್ಪು ಹೆಚ್ಚು ಅಪಾಯದ್ದು. ಮನೆಯಲ್ಲಿ ನಾನು ಓಡಿಸುವುದು ಗೇರಿನ ಕಾರು. ಘಾಟಿ ಇಳಿಯುವಾಗ ಕೈ ತಾನಾಗಿಯೇ ಎರಡನೇ ಗೇರಿಗೆ ಹೋಗುತ್ತದೆ. ಅಲ್ಲಿ ಸಿಕ್ಕಿದ್ದು ಆಟೋಮ್ಯಾಟಿಕ್. ಕೈಗೆ ಕೆಲಸವಿಲ್ಲದ್ದರಿಂದ ಕಾಲೇ ಎಲ್ಲವನ್ನೂ ನೋಡಿಕೊಂಡಿತು, ಪಾಯ್ ಕಡೆಯ ಉದ್ದನೆಯ ಇಳಿಜಾರನ್ನು ನಾನು ಪೂರ್ತಿ ಬ್ರೇಕಿನ ಮೇಲೆಯೇ ಇಳಿದೆ. ಸುಟ್ಟ ವಾಸನೆ ಬಂದಾಗ ಅದೂ ಕಾಡಿನ ಹೊಗೆಯದೇ ಎಂದುಕೊಂಡೆವು. ಪೆಡಲು ಸ್ಪಂಜಿನಂತೆ ಮೆತ್ತಗಾದ ಮೇಲೆಯೇ ಗಾಬರಿಯಾಗಿ, ದಾರಿಬದಿಯ ಪಂಚರ್ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ. ಅಲ್ಲಿದ್ದ ಹಿರಿಯರು ಚಕ್ರದ ಹತ್ತಿರ ಅಂಗೈಯನ್ನು ಒಲೆಗೆ ಹಿಡಿದಂತೆ ಹಿಡಿದು ನೋಡಿದರು, ನೀರು ಹಾಕಲು ಹೋದ ನನ್ನನ್ನು ತಡೆದರು, ಅರ್ಧ ಗಂಟೆ ಸುಮ್ಮನೆ ಕೂರಿಸಿದರು. ಹೊರಡುವಾಗ ಕಿಟಕಿಯೊಳಗೆ ಕೈಚಾಚಿ, ಗೇರಿನ ಕೋಲಿನ ಪಕ್ಕದಲ್ಲಿದ್ದ "ಎಲ್" ಅಕ್ಷರವನ್ನು ಬೆರಳಿನಿಂದ ಎರಡು ಸಲ ತಟ್ಟಿ ತೋರಿಸಿದರು. ದುಡ್ಡು ಮುಟ್ಟಲಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲಿಯೂ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಇಳಿಸಿ, ಎಂಜಿನ್ನಿನಿಂದಲೇ ವೇಗ ತಡೆಯಬೇಕೆಂಬುದನ್ನು ನಾನು ಕಲಿತದ್ದು ಹಾಗೆ. ಈ ಸಲ ಬಾಮೈದನೂ ಓಡಿಸುವವನಿದ್ದಾನೆ. ಚಿಯಾಂಗ್ ಮಾಯ್‌ನಲ್ಲಿ ಕಾರು ಕೈಗೆ ಬಂದ ದಿನ ಬೆಟ್ಟದ ಕಡೆ ತಲೆಯನ್ನೂ ಹಾಕದೆ, ಬಯಲಿನಲ್ಲಿ ಒಂದು ಗಂಟೆ ಇದನ್ನೇ ಅಭ್ಯಾಸ ಮಾಡುವುದೆಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಹೆಚ್ಚಿನವರು ಮೊದಲು ಪಾಯ್‌ಗೆ ಹೋಗಿ ಸುತ್ತನ್ನು ಆ ಕಡೆಯಿಂದ ಶುರುಮಾಡುತ್ತಾರೆ. ನಾನು ಮೇ ಸರಿಯಾಂಗ್ ಕಡೆಯಿಂದ ಹೋಗಬೇಕೆನ್ನುವವನು. ಪಾಯ್ ರಸ್ತೆಯಲ್ಲಿ ಅವಸರದ ಮಿನಿವ್ಯಾನುಗಳು ಮತ್ತು ಅಂದೇ ಸ್ಕೂಟರ್ ಕಲಿತ ಪ್ರವಾಸಿಗಳು ಇಬ್ಬರೂ ಇರುತ್ತಾರೆ (ಪಾಯ್‌ನ ಸಂಜೆಯ ಬೀದಿಯಲ್ಲಿ ಮೊಣಕೈ, ಮೊಣಕಾಲಿಗೆ ಬ್ಯಾಂಡೇಜು ಸುತ್ತಿಕೊಂಡವರನ್ನು ಎಣಿಸುತ್ತ ಕೂರಬಹುದು). ಕೈ ಪಳಗಿದ ಮೇಲೆ, ಕೊನೆಯಲ್ಲಿ ಆ ರಸ್ತೆ ಸಿಗಲಿ. ಹೀಗೆ ಹೋದರೆ ಇನ್ನೊಂದು ಲಾಭವೂ ಇದೆ. ಮೊದಲ ದಿನವೇ ದಾರಿಯ ಮಗ್ಗುಲಲ್ಲಿ ದೋಯ್ ಇಂಥಾನೋನ್ ಸಿಗುತ್ತದೆ. 2,565 ಮೀಟರ್ ಎತ್ತರದ, ಥಾಯ್ಲೆಂಡಿನ ಅತಿ ಎತ್ತರದ ಈ ಬೆಟ್ಟಕ್ಕೆ ನಮ್ಮ ಮುಳ್ಳಯ್ಯನಗಿರಿಯನ್ನು ಹೋಲಿಸಿದರೆ 600 ಮೀಟರಿಗಿಂತ ಹೆಚ್ಚೇ ಗಿಡ್ಡವಾಗುತ್ತದೆ. ಆದರೆ ನೆತ್ತಿಯವರೆಗೂ ಟಾರು ರಸ್ತೆ ಇರುವುದರಿಂದ ಅತ್ತೆಯವರು ಮೆಟ್ಟಿಲು ಹತ್ತಬೇಕಿಲ್ಲ. ಒಂದು ಸ್ವೆಟರ್ ಸಾಕೆನ್ನುತ್ತಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಆ ನೆತ್ತಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟೆಂದು ಹೇಳಿದರೂ ನಂಬುತ್ತಿಲ್ಲ.

ಹಾಗಾಗಿ ಎಂಟು ರಾತ್ರಿಗಳು ಹೀಗೆ ಹಂಚಿಹೋಗಿವೆ: ಮೊದಲನೆಯದು ಚಿಯಾಂಗ್ ಮಾಯ್‌ನಲ್ಲಿ, ಎರಡನೆಯದು ಇಂಥಾನೋನ್ ಬುಡದಲ್ಲಿ, ಮೂರನೆಯದು ಯುವಾಮ್ ನದಿಯ ದಡದ ಮೇ ಸರಿಯಾಂಗ್‌ನಲ್ಲಿ, ಮುಂದಿನೆರಡು ಮೇ ಹಾಂಗ್ ಸಾನ್‌ನಲ್ಲಿ, ಆಮೇಲೆ ಪಾಂಗ್ ಮಫಾದಲ್ಲಿ ಒಂದು, ಪಾಯ್‌ನಲ್ಲಿ ಒಂದು, ಕೊನೆಗೆ ಮತ್ತೆ ಚಿಯಾಂಗ್ ಮಾಯ್. ಪಾಯ್‌ಗೆ ಇನ್ನೊಂದು ರಾತ್ರಿ ಬೇಕೆಂದು ಬಾಮೈದನ ವಾದ. ಪಾಂಗ್ ಮಫಾದ್ದನ್ನು ಕಿತ್ತುಕೊಡಲು ನಾನು ಸಿದ್ಧನಿಲ್ಲ. ಅಲ್ಲಿನ ಥಾಮ್ ಲೋತ್ ಗುಹೆಯೊಳಗೆ ಒಂದು ಹೊಳೆಯೇ ಹರಿದು ಆಚೆ ಬದಿಗೆ ಹೊರಬರುತ್ತದೆ, ಬಿದಿರಿನ ತೆಪ್ಪದ ಮೇಲೆ ಲಾಟೀನು ಹಿಡಿದ ಸ್ಥಳೀಯರು ಒಳಗೆ ಕರೆದೊಯ್ಯುತ್ತಾರೆ, ಮತ್ತು ಮುಸ್ಸಂಜೆಗೆ ಸಾವಿರಾರು ಬಾನಾಡಿಗಳು ಗೂಡಿಗೆ ಮರಳಲು ಆ ಬಾಯಿಗೇ ನುಗ್ಗುತ್ತವೆ. ಕಳೆದ ಸಲ "ಮುಂದಿನ ಊರಿಗೆ ಬೆಳಕಿರುವಾಗಲೇ ಸೇರಬೇಕು" ಎಂಬ ಅವಸರದಲ್ಲಿ ನಾಲ್ಕು ಗಂಟೆಗೇ ಅಲ್ಲಿಂದ ಹೊರಟುಬಿಟ್ಟಿದ್ದೆವು. ನವೆಂಬರ್‌ನಲ್ಲಿ ಅಲ್ಲಿ ಸಂಜೆ ಆರರೊಳಗೆ ಸೂರ್ಯ ಮುಳುಗುತ್ತಾನೆ, ಬೆಟ್ಟದ ಮರೆಯಲ್ಲಿ ಇನ್ನೂ ಬೇಗ ಕತ್ತಲಾಗುತ್ತದೆ. ಕತ್ತಲಲ್ಲಿ ಈ ರಸ್ತೆಗಳಲ್ಲಿ ಓಡಿಸುವುದಿಲ್ಲ ಎಂಬ ನಿಯಮವನ್ನು ಪಾಲಿಸಬೇಕಾದರೆ ರಾತ್ರಿಗಳನ್ನು ಹೆಚ್ಚಿಸುವುದೊಂದೇ ಉಪಾಯ. ಮುಂಜಾನೆಯೂ ಬೇಗ ಹೊರಡುವಂತಿಲ್ಲ. ಮೇ ಹಾಂಗ್ ಸಾನ್‌ಗೆ "ಮೂರು ಮಂಜಿನ ಊರು" ಎಂದೇ ಅಡ್ಡಹೆಸರಿದೆ, ಚಳಿಗಾಲದ ಬೆಳಗುಗಳಲ್ಲಿ ಊರ ನಡುವಿನ ಕೆರೆಯೂ ಅದರ ದಡದ ಶಾನ್ ಜನಾಂಗದ ಶೈಲಿಯ ಜೋಡಿ ದೇವಾಲಯಗಳೂ ಮಂಜಿನಲ್ಲಿರುತ್ತವೆ. ಅಂದರೆ ದಿನಕ್ಕೆ ಓಡಿಸಲು ಸಿಗುವುದು ಒಂಬತ್ತರಿಂದ ನಾಲ್ಕರವರೆಗಿನ ಹೊತ್ತು ಮಾತ್ರ.

ಖುನ್ ಯುವಾಮ್ ಬಳಿಯ ಮೇ ಊ ಖೋ ಬೆಟ್ಟದಲ್ಲಿ ನವೆಂಬರ್‌ನಲ್ಲಿ ಇಡೀ ಇಳಿಜಾರುಗಳು ಕಾಡುಸೂರ್ಯಕಾಂತಿಯಿಂದ ಹಳದಿಯಾಗುತ್ತವೆ. ನಾವು ಹೋಗುವ ಹೊತ್ತಿಗೆ ಹೂವು ಇಳಿಮುಖವಾಗಿದ್ದರೂ ನೋಡಿಯೇ ಹೋಗುವುದು.

ಹಾಳೆಯಲ್ಲಿ ನಾನು ಬೇಕೆಂದೇ ಬಿಟ್ಟಿರುವುದು ಒಂದಿದೆ. ಮೇ ಹಾಂಗ್ ಸಾನ್ ಸುತ್ತ, ಕತ್ತಿಗೆ ಹಿತ್ತಾಳೆಯ ಸುರುಳಿ ಹಾಕಿಕೊಳ್ಳುವ ಕಯಾನ್ ಹೆಂಗಸರ ಹಳ್ಳಿಗಳಿವೆ. "ಉದ್ದ ಕತ್ತಿನ ಹಳ್ಳಿ" ಎಂದು ಬೋರ್ಡು ಹಾಕಿ, ಟಿಕೆಟ್ ಪಡೆದು ಒಳಬಿಡುತ್ತಾರೆ. ಅವರು ಮ್ಯಾನ್ಮಾರ್‌ನ ಕಯಾ ರಾಜ್ಯದ ಕಾದಾಟದಿಂದ ಓಡಿಬಂದ ನಿರಾಶ್ರಿತರು. 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ ಪ್ರವಾಸಿಗಳು ಅಲ್ಲಿಗೆ ಹೋಗದಿರುವುದು ಒಳ್ಳೆಯದೆಂಬ ಅಭಿಪ್ರಾಯ ಕೊಟ್ಟಿತ್ತು. ಹೋದರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ ಎನ್ನುವ ಎದುರು ವಾದ ನನಗೆ ಗೊತ್ತಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ಆದರೂ ಟಿಕೆಟ್ ಹರಿಸಿಕೊಂಡು ಮನುಷ್ಯರನ್ನು ನೋಡಲು ನನ್ನಿಂದ ಆಗದು.

ಬೆಟ್ಟದ ಜನರನ್ನು ಅವರ ದುಡಿಮೆಯ ಮೂಲಕ ಕಾಣಬೇಕೆನ್ನುವವರು ಕಾಫಿ ಕುಡಿಯಲಿ. ಒಂದು ಕಾಲಕ್ಕೆ ಈ ಬೆಟ್ಟಗಳಲ್ಲಿ ಅಫೀಮು ಬೆಳೆಯುತ್ತಿದ್ದರು. 1969ರಲ್ಲಿ ರಾಜ ಭೂಮಿಬೋಲ್ ಶುರುಮಾಡಿದ ರಾಯಲ್ ಪ್ರಾಜೆಕ್ಟ್ ಅದರ ಜಾಗಕ್ಕೆ ಹಣ್ಣು, ತರಕಾರಿ, ಅರೇಬಿಕಾ ಕಾಫಿಯನ್ನು ತಂದಿತು. ಇಂದು ಕರೆನ್, ಮೋಂಗ್ ಬುಡಕಟ್ಟುಗಳ ಹಳ್ಳಿಗಳ ಮನೆಯಂಗಳದಲ್ಲಿ ಕಾಫಿ ಹಣ್ಣು ಒಣಗುವುದನ್ನು ನೋಡಬಹುದು. ಚಿಕ್ಕಮಗಳೂರಿನ ಕಣದ ವಾಸನೆ ಗೊತ್ತಿರುವ ನಮ್ಮತ್ತೆ ಈ ಪ್ರಯಾಣಕ್ಕೆ ಒಪ್ಪಿದ್ದೇ ಇದನ್ನು ಕೇಳಿದ ಮೇಲೆ. ಅವರ ಇನ್ನೊಂದು ಚಿಂತೆ ಊಟದ್ದು. ಥಾಯ್ ಅಡುಗೆಯಲ್ಲಿ ಬರೀ ತರಕಾರಿ ಕೇಳಿದರೂ ಮೀನಿನ ಸಾರದ "ನಾಮ್ ಪ್ಲಾ" ಬಿದ್ದೇ ಬೀಳುತ್ತದೆ. "ಜೇ" ಎಂದು ಕೇಳಿದರೆ ಮಾಂಸ, ಮೀನು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಇಲ್ಲದ ಊಟ ಎಂದರ್ಥ, ಅಂಥ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪಕ್ಷರವಿರುತ್ತದೆ. ಬೆಟ್ಟದ ಸಣ್ಣ ಊರುಗಳಲ್ಲಿ ಅದು ಸಿಗುತ್ತದೆಂಬ ಭರವಸೆಯಿಲ್ಲದ್ದರಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಪುಟ್ಟ ರೈಸ್ ಕುಕ್ಕರ್ ಜೊತೆಗೆ ಬರುತ್ತಿವೆ.

ಕಾಗದಪತ್ರಗಳ ವಿಷಯ ಇಷ್ಟೇ. ಐಡಿಪಿಗೆ ಪರಿವಾಹನ್ ತಾಣದಲ್ಲಿ ಅರ್ಜಿ ಹಾಕಿ, 1,000 ರೂಪಾಯಿ ಶುಲ್ಕ ಕಟ್ಟಬೇಕು. ಅದರ ಅವಧಿ ಒಂದು ವರ್ಷವಾದ್ದರಿಂದ ತೀರ ಮುಂಚೆ ಮಾಡಿಸಿ ಪ್ರಯೋಜನವಿಲ್ಲ. ಅಲ್ಲಿ ಮೂಲ ಡಿಎಲ್ ಕೂಡ ಜೊತೆಯಲ್ಲಿರಬೇಕು. ಕಾರಿನ ಕರಾರಿನಲ್ಲಿ ಎರಡನೇ ಚಾಲಕನ ಹೆಸರನ್ನೂ ಬರೆಸಬೇಕು, ಬಾಡಿಗೆ ಕಾರಿನ ಹಾನಿಯನ್ನೂ ಭರಿಸುವ "ಮೊದಲ ದರ್ಜೆ" ವಿಮೆ ಇದೆಯೇ, ಡಿಕ್ಕಿಯಾದರೆ ನಾವು ಕೈಯಿಂದ ಎಷ್ಟು ಕಟ್ಟಬೇಕು ಎಂದು ಸಹಿಗೆ ಮುನ್ನವೇ ಕೇಳಬೇಕು. ಕಳೆದ ಸಲ ನಮಗೆ ಕಾರು ಕೊಟ್ಟವರು ಮರಳಿಸುವಾಗ ಬಂಪರಿನ ಅಡಿಯ ಹಳೇ ಗೀರೊಂದನ್ನು ನಮ್ಮ ಲೆಕ್ಕಕ್ಕೆ ಬರೆಯಹೊರಟರು. ಹೊರಡುವ ಮುನ್ನ ಹೆಂಡತಿ ಸುತ್ತಲೂ ತೆಗೆದಿದ್ದ ವಿಡಿಯೊದಲ್ಲಿ ಅದೇ ಗೀರು ಕಂಡಮೇಲೆ ಠೇವಣಿ ವಾಪಸಾಯಿತು. ಈ ಸಲ ಬಂಪರಿನ ಅಡಿಯವರೆಗೂ ಬಗ್ಗಿ ವಿಡಿಯೊ ತೆಗೆಯುವ ಕೆಲಸ ಬಾಮೈದನದು, ಮುಂದಿನ ಸೀಟು ಅತ್ತೆಯವರದು, ವಾಂತಿ ಮಾತ್ರೆಯ ಡಬ್ಬಿ ನನ್ನ ಹೆಂಡತಿಯ ಕೈಚೀಲದಲ್ಲಿ.