ಸ್ಕ್ರೂ ಮುಟ್ಟುವ ಮುಂಚೆ ಥರ್ಮಾಮೀಟರ್ ತೆಗೀರಿ ಮಾರಾಯ್ರೆ

ಕೂಲಿಂಗ್ ಇಲ್ಲ ಅಂದ ಕೂಡಲೇ ಸ್ಪ್ಯಾನರ್ ಹಿಡಿದು ಎಕ್ಸ್‌ಪಾನ್ಶನ್ ವಾಲ್ವ್ ತಿರುಗಿಸುವ ಮೆಕ್ಯಾನಿಕ್‌ಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ಅದೇ ಕಸುಬಿನವನು. ಮುಂಬೈಯಲ್ಲಿ ನಮ್ಮ ಕಡೆಯವರ ಹೋಟೆಲುಗಳ ಕೋಲ್ಡ್ ರೂಮ್ ರಿಪೇರಿ ಮಾಡಿಯೇ ಹೊಟ್ಟೆ ಹೊರೆಯುವುದು. ಬೈಯುವಷ್ಟು ಹಕ್ಕು ಇದೆ ಅಂದುಕೊಂಡಿದ್ದೇನೆ.

ಆ ವಾಲ್ವಿನ ಕೆಲಸ ಒಂದೇ. ಕೂಲಿಂಗ್ ಕಾಯಿಲ್ ಎಷ್ಟು ಲಿಕ್ವಿಡ್ (ದ್ರವವಾದ ಗ್ಯಾಸ್) ತಾಳುತ್ತದೋ ಅಷ್ಟೇ ಬಿಡುವುದು. ಕಾಯಿಲ್‌ನಿಂದ ಕಂಪ್ರೆಸರಿಗೆ ಹೋಗುವ ಸಕ್ಷನ್ ಪೈಪಿಗೆ ಕಟ್ಟಿದ ಬಲ್ಬ್ (ಬಿಸಿ ಗುರುತಿಸುವ ಪುಟ್ಟ ಕೊಳವೆ) ಬಿಸಿಯಾದರೆ ವಾಲ್ವ್ ತೆರೆಯುತ್ತದೆ. ಒಳಗಿನ ಸ್ಪ್ರಿಂಗ್ ಮತ್ತು ಕಾಯಿಲ್‌ನ ಒತ್ತಡ ಸೇರಿ ಅದನ್ನು ಮುಚ್ಚಲು ನೋಡುತ್ತವೆ. ಸ್ಕ್ರೂ ತಿರುಗಿಸಿ ನಾವು ಬಿಗಿ-ಸಡಿಲ ಮಾಡುವುದು ಆ ಸ್ಪ್ರಿಂಗನ್ನು. ಹೆಚ್ಚಿನ ವಾಲ್ವ್‌ಗಳಲ್ಲಿ ಬಲಕ್ಕೆ ತಿರುಗಿಸಿದರೆ ಲಿಕ್ವಿಡ್ ಕಡಿಮೆ, ಸೂಪರ್‌ಹೀಟ್ (ಕಾಯಿಲ್‌ಗಿಂತ ಹೊರಬರುವ ಗ್ಯಾಸ್ ಎಷ್ಟು ಡಿಗ್ರಿ ಬಿಸಿ ಅನ್ನುವುದು) ಜಾಸ್ತಿ. ಎಡಕ್ಕೆ ಉಲ್ಟಾ. ಎಡಕ್ಕೆ ಸಿಕ್ಕಾಪಟ್ಟೆ ಬಿಚ್ಚಿದರೆ ಲಿಕ್ವಿಡ್ ಸೀದಾ ಕಂಪ್ರೆಸರಿಗೆ ನುಗ್ಗುತ್ತದೆ. ಆಮೇಲೆ ಧಣಿಗಳ ಜೇಬಿಗೆ ಕತ್ತರಿ.

ಹೋದ ಮಳೆಗಾಲದಲ್ಲಿ ಮಾಟುಂಗದ ಒಂದು ಹೋಟೆಲಿನಿಂದ ಫೋನ್ ಬಂತು. "ಇಡ್ಲಿ ಹಿಟ್ಟೆಲ್ಲ ಹುಳಿ ಬಂತು ಮಾರಾಯ್ರೆ, ಬೇಗ ಬನ್ನಿ." ಹೋಗಿ ನೋಡಿದರೆ ಮೊದಲು ಬಂದವರು ಗ್ಯಾಸ್ ಹಾಕಿದ್ದಾರೆ, ಸ್ಕ್ರೂ ತಿರುಗಿಸಿದ್ದಾರೆ. ವಾಲ್ವೇ ಹೋಗಿದೆ, ಹೊಸದು ತನ್ನಿ ಅಂತಲೂ ಹೇಳಿ ಹೋಗಿದ್ದಾರೆ. ಯೂನಿಟ್ ಸ್ವಲ್ಪ ಹೊತ್ತು ಚೆನ್ನಾಗಿ ತಣ್ಣಗೆ ಮಾಡುತ್ತದೆ. ಆಮೇಲೆ ಸಕ್ಷನ್ ಗೇಜ್ ಇಳಿಯುತ್ತಾ ಇಳಿಯುತ್ತಾ ವ್ಯಾಕ್ಯೂಮಿಗೆ ಹೋಗುತ್ತದೆ. ನಾನು ಅಡುಗೆಮನೆಯಿಂದ ಬಿಸಿನೀರು ತರಿಸಿ, ಬಟ್ಟೆ ಅದ್ದಿ ವಾಲ್ವಿಗೆ ಸುತ್ತಿದೆ. ಸ್ವಲ್ಪ ಹೊತ್ತಿಗೆ ಒಳಗೆ ಸುಸ್ಸ್ ಅಂತ ಸದ್ದು, ಗೇಜಿನ ಮುಳ್ಳು ಟಕ್ಕನೆ ಮೇಲೆ. ಕಾರಣ ಸಿಕ್ಕಿತು. ಸಿಸ್ಟಮ್ ಒಳಗೆ ತೇವ ಸೇರಿಕೊಂಡು ವಾಲ್ವಿನ ಸಣ್ಣ ತೂತಿನಲ್ಲಿ ಐಸ್ ಕಟ್ಟುತ್ತಿತ್ತು. ಮುಂಬೈಯ ಮಳೆಗಾಲದ ಗಾಳಿ ಗೊತ್ತಲ್ಲ, ಪಾಪಡ್ ಕೂಡ ಗರಿಗರಿಯಾಗಿ ಉಳಿಯುವುದಿಲ್ಲ. ಅಂಥ ಗಾಳಿಯಲ್ಲಿ ಪೈಪ್ ಬಿಚ್ಚಿ, ಒಳಗಿನ ಗಾಳಿ, ತೇವ ಎಳೆದು ವ್ಯಾಕ್ಯೂಮ್ ಮಾಡದೆ ಗ್ಯಾಸ್ ಹಾಕಿದರೆ ಇನ್ನೇನಾಗುತ್ತದೆ? ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಐಸ್ ಕರಗುತ್ತದಾ?

ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡೆ. ಗಾಳಿಗೆ ಬಿಟ್ಟು ಕೈತೊಳೆದುಕೊಳ್ಳುವವರೂ ಇದ್ದಾರೆ. ಇದರಲ್ಲಿದ್ದ ಆರ್-134ಎ ಗ್ಯಾಸ್ ಒಂದು ಕಿಲೋ ಭೂಮಿಯನ್ನು ಬಿಸಿ ಮಾಡುವುದು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಜಾಸ್ತಿ. ತೇವ ಹೀರುವ ಡ್ರಯರ್ ಬದಲಾಯಿಸಿ, 500 ಮೈಕ್ರಾನ್ (ವ್ಯಾಕ್ಯೂಮಿನ ಅಳತೆ) ಬರುವ ತನಕ ವ್ಯಾಕ್ಯೂಮ್ ಎಳೆದು, ತೂಕ ನೋಡಿ ಹೊಸ ಗ್ಯಾಸ್ ಹಾಕಿದೆ. ವಾಲ್ವ್ ಹಳೆಯದೇ.

ಸ್ಕ್ರೂ ಮುಟ್ಟಿದ್ದು ಕೊನೆಗೆ. ಬೇರೆಯವರು ಕೆಡಿಸಿಟ್ಟದ್ದನ್ನು ಸರಿ ಮಾಡಬೇಕಲ್ವಾ. ಗೇಜ್ ಸುಮಾರು 20 ಪಿಎಸ್‌ಐ ಒತ್ತಡ ತೋರಿಸಿದರೆ ಆರ್-134ಎಗೆ ಕಾಯಿಲ್ ಮೈನಸ್ 5 ಡಿಗ್ರಿ ಎಂದು ಲೆಕ್ಕ. ಬಲ್ಬಿನ ಪಕ್ಕ ಪೈಪ್ ಪ್ಲಸ್ 1 ಇದ್ದರೆ ಸೂಪರ್‌ಹೀಟ್ 6. ಅಲ್ಲಿಗೆ ಬರಬೇಕು. ಕಾಲು ಸುತ್ತು ತಿರುಗಿಸು, 15-20 ನಿಮಿಷ ಕಾಯು, ಮತ್ತೆ ಅಳೆ. ಬಲ್ಬ್ ಪೈಪಿಗೆ ಬಿಗಿಯಾಗಿ ಕೂತಿರಬೇಕು, ಮೇಲೆ ಇನ್ಸುಲೇಶನ್ ಇರಬೇಕು. ಪೈಪಿನ ಅಡಿಗೆ ಮಾತ್ರ ಕಟ್ಟಬಾರದು, ಅಲ್ಲಿ ಆಯಿಲ್ ಹರಿಯುತ್ತಿರುತ್ತದೆ, ಬಲ್ಬಿಗೆ ಸರಿಯಾದ ಬಿಸಿ ತಾಗುವುದಿಲ್ಲ.

ಗೇಜ್ ಹಾಕಲು, ಗ್ಯಾಸ್ ತುಂಬಲು ಇರುವ ಸರ್ವಿಸ್ ವಾಲ್ವಿನದ್ದೂ ಒಂದು ಮಾತು. ಅದರ ಸ್ಟೆಮ್ (ತಿರುಗಿಸುವ ಕಡ್ಡಿ) ತಿರುಗಿಸುವ ಮುಂಚೆ ಅದರ ಸುತ್ತಿನ ಸೀಲ್ ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ ಸ್ವಲ್ಪ ಸಡಿಲ ಮಾಡಿ, ಆಮೇಲೆ ಬಿಗಿ ಮಾಡಿ, ಕ್ಯಾಪ್ ಹಾಕಿ. ಕ್ಯಾಪ್ ಇರುವುದು ಚಂದಕ್ಕಲ್ಲ. ಎಷ್ಟೋ ಕಡೆ ಸೋಪಿನ ನೀರು ಹಚ್ಚಿದರೆ ಲೀಕಿನ ಗುಳ್ಳೆ ಏಳುವುದು ಅಲ್ಲೇ. ಕಂಪ್ರೆಸರಿನಿಂದ ಗ್ಯಾಸ್ ಹೊರಹೋಗುವ ಕಡೆಯ ಡಿಸ್ಚಾರ್ಜ್ ವಾಲ್ವ್ ಮುಚ್ಚಿಕೊಂಡು ಕಂಪ್ರೆಸರ್ ಓಡಿಸುವವರಿಗೆ ಹೇಳಲು ನನ್ನಲ್ಲಿ ಮಾತಿಲ್ಲ.

ಇನ್ನು ಧಣಿಗಳ ತಪ್ಪೂ ಇದೆ. ಸ್ಪ್ಯಾನರ್ ಹಿಡಿದು ಓಡಾಡುವವನು ಕೆಲಸ ಮಾಡುತ್ತಿದ್ದಾನೆ, ಥರ್ಮಾಮೀಟರ್ ನೋಡುತ್ತಾ ಕೂತವನು ಸುಮ್ನೆ ಕೂತಿದ್ದಾನೆ ಅಂತ ಅವರ ಲೆಕ್ಕ. ಗ್ಯಾಸಿಗೆ ಎಷ್ಟು ಬೇಕಾದರೂ ಕೊಡುತ್ತಾರೆ, ಕಾಯುವುದಕ್ಕೆ ನಯಾಪೈಸೆ ಬಿಚ್ಚುವುದಿಲ್ಲ. ಅದಕ್ಕೇ ಹುಡುಗರು ಸಿಕ್ಕಿದ ಸ್ಕ್ರೂ ತಿರುಗಿಸಿ ಓಡುತ್ತಾರೆ. ನಾನೀಗ ಕಾದ ಹೊತ್ತನ್ನೂ ಬಿಲ್ಲಿನಲ್ಲಿ ಬರೆಯುತ್ತೇನೆ. ಮಾಟುಂಗದ ಧಣಿ ಕನ್ನಡಕ ಏರಿಸಿ, "ಇದೆಂತ, ಕೂತದ್ದಕ್ಕೂ ದುಡ್ಡಾ?" ಅಂದರು. ಹೌದು ಧಣಿ, ಅಂದೆ. ಚೌಕಾಶಿ ಮಾಡಿಯೇ ಕೊಟ್ಟರು ಅನ್ನಿ.