ಅಂಚೆಚೀಟಿಯಲ್ಲಿ ಎದ್ದು ನಿಂತ ರೋಗಿ

ಕ್ಲೋನಿಂಗ್ ಸುದ್ದಿ ಬಂದರೆ ಪಕ್ಕದಲ್ಲೊಂದು ಕುರಿ, ಅದರ ಹಿಂದೆ ಅಚ್ಚೊತ್ತಿದಂಥ ಗಂಡಸರ ಸಾಲು ಇರಲೇಬೇಕು. ಸುದ್ದಿ ಚಿಕಿತ್ಸೆಗೆ ಕೋಶ ಬೆಳೆಸುವುದರ ಬಗ್ಗೆಯೇ ಇರಲಿ, ಚಿತ್ರ ಮಾತ್ರ ಅದೇ. ಚರ್ಚೆಗೆ ಕೂತ ಪಂಡಿತರಲ್ಲಿ ಒಬ್ಬರಿಗೆ ನಾಳೆಯೇ ಹೊಸ ಮೂತ್ರಪಿಂಡ, ಇನ್ನೊಬ್ಬರಿಗೆ ನಾಳೆಯೇ ಪ್ರಳಯ.

ಚಿಕಿತ್ಸೆಗೆಂದು ನಡೆಯುವ ಕೆಲಸ ಇಷ್ಟು. ಮಿಲಿಮೀಟರಿನ ಹತ್ತನೇ ಒಂದರಷ್ಟು ಅಗಲದ ಅಂಡಾಣುವಿನಿಂದ ವರ್ಣತಂತುಗಳನ್ನು ಗಾಜಿನ ಸೂಜಿಯಲ್ಲಿ ಹೀರಿ ತೆಗೆಯಬೇಕು. ರೋಗಿಯ ಚರ್ಮದ ಕೋಶವೊಂದನ್ನು ಅದಕ್ಕೆ ಬೆಸೆಯಬೇಕು. ಆಮೇಲೆ ರಾಸಾಯನಿಕ ಹಾಕಿ, ವೀರ್ಯಾಣು ಬಂತೆಂದು ಅಂಡಾಣುವನ್ನು ನಂಬಿಸಬೇಕು. ನಂಬಿದರೆ 5–6 ದಿನಕ್ಕೆ ನೂರು ಚಿಲ್ಲರೆ ಕೋಶಗಳ ಉಂಡೆ, ಅದರ ಒಳಗಿನಿಂದ ಕಾಂಡಕೋಶ, ಅಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಕೋಶ. ಬಹುಪಾಲು ನಂಬುವುದಿಲ್ಲ. ಚರ್ಮದ ಜೀನ್‌ಗಳು ಹಳೇ ಕಸುಬು ಬಿಡಲೊಪ್ಪದೆ, ಎಂಟು ಕೋಶ ಆಗುವ ಹೊತ್ತಿಗೆ ಎಲ್ಲ ನಿಂತುಹೋಗುತ್ತದೆ. 2013ರಲ್ಲಿ ಅಮೆರಿಕದ ಆರೆಗಾನ್‌ನ ತಂಡಕ್ಕೆ ಮನುಷ್ಯರ ಕೋಶದಲ್ಲಿ ಇದು ಕೈಗೂಡಿತು. ಅಂಡಾಣು ಹೊತ್ತಿಗೆ ಮೊದಲೇ ಎಚ್ಚರಗೊಳ್ಳದಿರಲೆಂದು ಅವರು ಬಳಸಿದ್ದು ಕೆಫೀನ್. ಹೌದು, ನಮ್ಮ ನಿದ್ದೆ ಕೆಡಿಸುವ ಅದೇ ಕೆಫೀನ್.

ಆದರೆ ಎಂಟು ವರ್ಷ ಮೊದಲೇ ದಕ್ಷಿಣ ಕೊರಿಯಾದ ಅಂಚೆಯವರು ಚಿಕಿತ್ಸೆಯನ್ನೇ ಮುಗಿಸಿಬಿಟ್ಟಿದ್ದರು! 2005ರ ಫೆಬ್ರುವರಿಯ ಅಂಚೆಚೀಟಿಯಲ್ಲಿ ಗಾಲಿಕುರ್ಚಿಯವನು ಏಳುತ್ತಾನೆ, ನೆಗೆಯುತ್ತಾನೆ, ಕೊನೆಗೆ ಯಾರನ್ನೋ ತಬ್ಬಿಕೊಳ್ಳುತ್ತಾನೆ. ಅಂಟು ಹಚ್ಚಿ ವಾಸಿ ಮಾಡಿದ ಬೆನ್ನುಹುರಿ ಅದೊಂದೇ ಇರಬೇಕು. ವಿಜ್ಞಾನಿ ಹ್ವಾಂಗ್ ವೂ-ಸುಕ್ ಆಮೇಲೆ, ಮೇ ತಿಂಗಳಲ್ಲಿ, 185 ಅಂಡಾಣುಗಳಿಂದ 11 ಕಾಂಡಕೋಶ ಸಾಲು (ಒಂದೇ ಮೂಲದಿಂದ ಬೆಳೆಯುತ್ತಲೇ ಇರುವ ಕೋಶಗಳ ಗುಂಪು) ಬೆಳೆಸಿದ್ದಾಗಿ ಸಾರಿದರು. 2006ರ ಜನವರಿಯಲ್ಲಿ ಅವರದೇ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ ತನಿಖೆ ಮುಗಿಸಿದಾಗ ಸಿಕ್ಕ ಸಾಲು ಸೊನ್ನೆ. ಎರಡು ಸಾಲಿನ ಫೋಟೊಗಳೇ ಹನ್ನೊಂದಾಗಿದ್ದವು. ತದ್ರೂಪು ತೆಗೆದದ್ದು ಫೋಟೊಗಳನ್ನು. ಇರಲಿ, ಅದೇ ತಂಡದ ನಾಯಿ ಸ್ನಪಿ ಮಾತ್ರ ಅಸಲಿ ಕ್ಲೋನ್. ನಾಯಿಯ ಮಾನ ಉಳಿಯಿತು.

ಲೆಕ್ಕಕ್ಕೆ ಬಾರದೆ ಹೋದದ್ದು ಬಳಸಿದ ಅಂಡಾಣುಗಳು: ಎರಡು ಸಾವಿರಕ್ಕೂ ಹೆಚ್ಚು. ಕೊಟ್ಟವರಲ್ಲಿ ಅದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಇದ್ದರು. ಮೇಲಿನವರು ಕೇಳಿದರೆ ಕೆಳಗಿನವರ ಒಪ್ಪಿಗೆ ಎಷ್ಟು ಸ್ವಂತದ್ದು ಎಂಬುದನ್ನು ಯಾವ ಸೂಕ್ಷ್ಮದರ್ಶಕವೂ ತೋರಿಸದು.

2005ರ ಮಾರ್ಚ್ 8ರಂದೇ ವಿಶ್ವಸಂಸ್ಥೆ ಮಾನವ ಕ್ಲೋನಿಂಗ್ ವಿರುದ್ಧ ಘೋಷಣೆ ಅಂಗೀಕರಿಸಿತು. ಪರ 84, ವಿರುದ್ಧ 34, ತಟಸ್ಥ 37. ಯಾರೂ ಪಾಲಿಸಲೇಬೇಕೆಂದಿಲ್ಲ. ಮಹಿಳೆಯರ ಶೋಷಣೆ ತಡೆಯಿರಿ ಎಂಬ ಸಾಲೂ ಅದರಲ್ಲಿತ್ತು, ಮಹಿಳಾ ದಿನ ನೋಡಿ.

ಭ್ರೂಣದ ಪರವಾಗಿ ಕಣ್ಣೀರಿಡುವವರಿಗೂ, ರೋಗಿಯ ಪರವಾಗಿ ಕಣ್ಣೀರಿಡುವವರಿಗೂ ಅಂಡಾಣು ಆಕಾಶದಿಂದ ಉದುರುತ್ತದೆ. ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸಲು 14 ದಿನದ ಗಡಿ ಎಂದು ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲೇ ಬರೆದಿಟ್ಟಿತು. ಒಳ್ಳೆಯದೇ. ಆದರೆ ಹೆಚ್ಚುಕಡಿಮೆ ಎರಡು ವಾರ ದಿನವೂ ಹಾರ್ಮೋನು ಚುಚ್ಚಿಸಿಕೊಂಡು, ಕೊನೇ ಚುಚ್ಚುಮದ್ದಾದ 36 ಗಂಟೆಗೆ ಅಂಡಾಣು ತೆಗೆಸಿಕೊಳ್ಳಲು ಸೂಜಿಗೆ ಮಲಗುವವಳಿಗೆ? ಔಷಧ ಮಿತಿಮೀರಿ ನಾಟಿದರೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ, ವಿಪರೀತಕ್ಕೆ ಹೋದರೆ ರಕ್ತ ಹೆಪ್ಪುಗಟ್ಟುತ್ತದೆ. ಅಪರೂಪ, ನಿಜ. ಆದರೆ ಅಪರೂಪವೆಂದು ಹೇಳುತ್ತಿರುವವರು ಚುಚ್ಚಿಸಿಕೊಂಡವರಲ್ಲ.

2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕ ಇಲಿಯ ಚರ್ಮಕೋಶಕ್ಕೆ ನಾಲ್ಕು ಜೀನ್ ಹಾಕಿ, ಅಂಡಾಣುವೇ ಇಲ್ಲದೆ, ಕಾಂಡಕೋಶದಂಥದ್ದನ್ನೇ ಪಡೆದರು. ಮರುವರ್ಷ ಮನುಷ್ಯರದ್ದೂ ಆಯಿತು. ಹಾಗೆಂದು ಅಂಡಾಣುವಿನ ಕೆಲಸ ಮುಗಿದಿಲ್ಲ. ಮೈಟೊಕಾಂಡ್ರಿಯ (ಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಕೆಟ್ಟ ರೋಗಿಗೆ ಹೊಸ ಮೈಟೊಕಾಂಡ್ರಿಯ ಬರಬೇಕಾದದ್ದು ಅಲ್ಲಿಂದಲೇ. ಬೇಡಿಕೆ ಇದ್ದೇ ಇದೆ.

ಅಂಡಾಣು ಕೊಡುವವಳಿಗೆ ದುಡ್ಡು ಕೊಟ್ಟರೆ ಅದು ಆಮಿಷ, ಕೊಡದಿದ್ದರೆ ತ್ಯಾಗ ಅನ್ನುತ್ತಾರೆ ನೀತಿವಂತರು. ಸಂಶೋಧಕನ ಸಂಬಳ, ಕಂಪನಿಯ ಪೇಟೆಂಟ್ ಬಗ್ಗೆ ಆ ಬಾಯಿ ಬಿಚ್ಚುವುದಿಲ್ಲ. ಅವಳು ಆಸ್ಪತ್ರೆ ಸೇರಿದರೆ ಬಿಲ್ಲು ಯಾರದು, ಐದು ವರ್ಷದ ಮೇಲೆ ಅವಳನ್ನು ಕರೆದು ಪರೀಕ್ಷಿಸುವವರು ಯಾರು, ಮೊದಲು ಅದನ್ನು ಬರೆದುಕೊಡಿ. ನೀತಿ ಆಮೇಲೆ ಹೇಳಿ.