ಚಪ್ಪಲಿ ಬಿಟ್ಟು ಬರ್ತೀನಿ ಅಂದಿದ್ದೆ

ಮಗಳಿಗೆ ಮೂರು ವರ್ಷ ಎರಡು ತಿಂಗಳು. ಜೂನ್ ಮೊದಲ ವಾರ ಪ್ರೀ-ಸ್ಕೂಲ್‌ಗೆ ಸೇರಿಸಿದೆವು. ಹೆಂಡತಿಗೆ ಅವತ್ತು ಬೆಳಗಿನ ಡ್ಯೂಟಿ, ರಜೆ ಸಿಗಲಿಲ್ಲ. ಹಾಗಾಗಿ ಕರೆದುಕೊಂಡು ಹೋದವನು ನಾನು. ಆ ದಿನ ನಾನು ಮಾಡಿದ ಒಂದು ಕೆಲಸ ಮನಸ್ಸಿನಿಂದ ಹೋಗ್ತಾ ಇಲ್ಲ. ಈ ವರ್ಷ ಮಕ್ಕಳನ್ನು ಮೊದಲ ಸಲ ಬಿಡುವ ಅಪ್ಪ ಅಮ್ಮಂದಿರು ಓದಲಿ ಅಂತ ಬರೆಯುತ್ತಿದ್ದೇನೆ.

ಬೆಳಿಗ್ಗೆ ಅವಳೇ ನಮಗಿಂತ ಮೊದಲು ಎದ್ದಿದ್ದಳು. ಹೊಸ ಬ್ಯಾಗು, ಹೊಸ ಡಬ್ಬಿ. ಡಬ್ಬಿಯಲ್ಲಿ ಖಾರ ಹಾಕದ ಒಗ್ಗರಣೆ ಮಂಡಕ್ಕಿ, ಅವಳೇ ಕೇಳಿ ಹಾಕಿಸಿಕೊಂಡಿದ್ದು. ಬೈಕಿನ ಮುಂದೆ ಕೂತು ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ ಟಾಟಾ ಮಾಡಿದಳು. ಹೂವಿನವರಿಗೆ, ಬೆಣ್ಣೆ ದೋಸೆ ಹೋಟೆಲ್ ಮುಂದೆ ನಿಂತವರಿಗೆ, ಪೊಲೀಸರಿಗೆ.

ಶಾಲೆಯ ಗೇಟಿಗೆ ಬಲೂನು ಕಟ್ಟಿದ್ದರು. ಜೋರಾಗಿ ಹಾಡು ಹಾಕಿದ್ದರು. ದೊಡ್ಡ ಕರಡಿ ವೇಷ ಹಾಕಿದವರೊಬ್ಬರು ಮಕ್ಕಳ ಕೈ ಕುಲುಕುತ್ತಿದ್ದರು. ಮಗಳು ನನ್ನ ಕಾಲು ತಬ್ಬಿಕೊಂಡಳು. ಆಗಲೇ ಒಳಗಿಂದ ಮೂರು ನಾಲ್ಕು ಮಕ್ಕಳ ಅಳು ಕೇಳುತ್ತಿತ್ತು. ಮಿಸ್ ಬಂದು ಅವಳಿಗೆ ಬಣ್ಣದ ಬ್ಲಾಕ್ ತೋರಿಸಿದರು. ಅವಳು ಸ್ವಲ್ಪ ಆ ಕಡೆ ತಿರುಗಿದಳು. ಅಷ್ಟಕ್ಕೇ ಅವರು ನನ್ನ ಹತ್ತಿರ ಮೆಲ್ಲಗೆ ಹೇಳಿದರು, "ಸರ್, ಈಗ ನೋಡ್ತಿಲ್ಲ. ಸುಮ್ನೆ ಹೊರಟುಬಿಡಿ. ಹೇಳಿ ಹೋದ್ರೆ ಜಾಸ್ತಿ ಅಳ್ತಾರೆ."

ನಾನು ಹೊರಡುವಷ್ಟರಲ್ಲಿ ಅವಳು ತಿರುಗಿ ನೋಡಿಬಿಟ್ಟಳು. "ಅಪ್ಪಾ, ಎಲ್ಲಿಗೆ?" ಅಂದಳು. ಬಾಯಿಗೆ ಬಂದದ್ದು ಹೇಳಿದೆ. "ಚಪ್ಪಲಿ ಹೊರಗೆ ಬಿಟ್ಟು ಬರ್ತೀನಿ ಪುಟ್ಟಿ."

ಬಾಗಿಲು ಹಾಕಿದರು. ನಾನು ಕಾಂಪೌಂಡ್ ಪಕ್ಕ ನಿಂತೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಅವಳ ದನಿ ಕೇಳಿತು. ಅಳು ಅಲ್ಲ ಮೊದಲು. "ಅಪ್ಪಾ, ಚಪ್ಪಲಿ ಬಿಟ್ಯಾ?" ಅಂತ ಕೂಗಿದಳು. ಮತ್ತೊಂದು ಸಲ ಕೂಗಿದಳು. ಮೂರನೇ ಸಲ ಅಳುತ್ತಾ ಕೂಗಿದಳು.

ನಾನು ಒಳಗೆ ಹೋಗಲಿಲ್ಲ. ಬೈಕ್ ಹತ್ತಿ ದಾವಣಗೆರೆಯ ಚೌಕಿಪೇಟೆಯಲ್ಲಿರುವ ನನ್ನ ಬಟ್ಟೆ ಅಂಗಡಿಗೆ ಹೋದೆ. ಅವತ್ತು ಬಟ್ಟೆ ಅಳೆಯುವಾಗ ಎರಡು ಸಲ ಅಳತೆ ತಪ್ಪಿದೆ.

12 ಗಂಟೆಗೆ ಕರೆಯಲು ಹೋದಾಗ ಮಗಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಬೆನ್ನ ಮೇಲೆ ಬ್ಯಾಗು ಹಾಗೇ ಇತ್ತು. ಮೂರು ಗಂಟೆ ಹೊತ್ತು ತೆಗೆಯೋಕೆ ಬಿಟ್ಟಿರಲಿಲ್ಲವಂತೆ. ಡಬ್ಬಿಯ ಮಂಡಕ್ಕಿ ಮೆತ್ತಗಾಗಿತ್ತು, ಒಂದು ತುತ್ತೂ ತಿಂದಿರಲಿಲ್ಲ. ಮಿಸ್ ಖುಷಿಯಿಂದಲೇ ಹೇಳಿದರು, "ಅರ್ಧ ಗಂಟೆ ಅತ್ಲು ಅಷ್ಟೇ ಸರ್, ಆಮೇಲೆ ಸುಮ್ನಾದ್ಲು. ಗುಡ್ ಗರ್ಲ್." ನನ್ನನ್ನು ನೋಡಿದರೂ ಅವಳು ಓಡಿ ಬರಲಿಲ್ಲ. ನನ್ನ ಕಾಲಿನ ಕಡೆ ನೋಡಿದಳು. ಚಪ್ಪಲಿ ನೋಡಿದಳು.

ಅವತ್ತಿಂದ ಮನೆಯಲ್ಲಿ ಒಂದು ಹೊಸ ಭಯ ಶುರುವಾಯಿತು. ರಾತ್ರಿ ಅಂಗಡಿಯಿಂದ ಬಂದು ಬಾಗಿಲ ಹತ್ತಿರ ಚಪ್ಪಲಿ ಬಿಡಲು ಬಗ್ಗಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ನನ್ನ ಅಂಗಿ ಹಿಡಿಯುತ್ತಿದ್ದಳು. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಕೂರುತ್ತಿದ್ದಳು. ನಿದ್ದೆಯಲ್ಲಿ ಎದ್ದು ಪಕ್ಕದಲ್ಲಿ ಇದ್ದೀನಾ ಅಂತ ಕೈಯಾಡಿಸಿ ನೋಡುತ್ತಿದ್ದಳು. ಇದು ಶಾಲೆಯ ಭಯ ಅಲ್ಲ. ಅಪ್ಪ ಹೇಳಿದ ಮಾತಿನ ಮೇಲೆ ಹುಟ್ಟಿದ ಅನುಮಾನ. ಅಲ್ವಾ?

ನಮ್ಮವ್ವ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ ಆಗಿದ್ದವರು. ಅವ್ವನಿಗೆ ನಾನು ಮಾಡಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗೀಗೆ ಹೇಳಿ ಹೋಗಬೇಕಪ್ಪಾ. ಅಳಲಿ ಬಿಡು. ಅಪ್ಪ ಎಲ್ಲಿಗೆ ಹೋದ, ಯಾವಾಗ ಬರ್ತಾನೆ ಅಂತ ಗೊತ್ತಿದ್ದು ಅಳೋದು ಬೇರೆ. ಗೊತ್ತಿಲ್ದೆ ಅಳೋದು ಬೇರೆ" ಅಂದರು.

ಅವ್ವನ ಅಂಗನವಾಡಿ ಕೇಂದ್ರ ಅಂದರೆ ಗುಡಿ ಪಕ್ಕದ ಒಂದು ಕೋಣೆ, ಮುಂದೆ ಒಂದು ಕಟ್ಟೆ. ಹೊಸ ಮಗು ಬಂದರೆ ತಾಯಿಯನ್ನು ಆ ಕಟ್ಟೆ ಮೇಲೆ ಕೂರಿಸುತ್ತಿದ್ದರಂತೆ. ಬಾಗಿಲು ತೆರೆದೇ ಇರುತ್ತಿತ್ತು. ಮಗು ಆಡುತ್ತಾ ಆಡುತ್ತಾ ಬಾಗಿಲಿಗೆ ಬಂದು ತಾಯಿ ಇದ್ದಾಳಾ ಅಂತ ನೋಡಿ, ಮತ್ತೆ ಒಳಗೆ ಹೋಗುತ್ತಿತ್ತು. ಶೇಂಗಾ ಕಳೆ ತೆಗೆಯುವ ದಿನಗಳಲ್ಲಿ ತಾಯಂದಿರಿಗೆ ಕೂರಲು ಪುರುಸೊತ್ತು ಇರುತ್ತಿರಲಿಲ್ಲ. ಆಗ ಅಜ್ಜಿಯೋ ಅಕ್ಕನೋ ಬಂದು ಕೂರುತ್ತಿದ್ದರು. ಮೂರು ನಾಲ್ಕು ದಿನಕ್ಕೆ ಮಗು ಬಾಗಿಲಿಗೆ ಬರುವುದು ಕಡಿಮೆ ಆಗುತ್ತಿತ್ತು. "ಆಮೇಲೆ ತಾಯಿ ಹೊರಟ್ರೂ ಅದಕ್ಕೆ ಅಷ್ಟು ದುಃಖ ಆಗ್ತಿರಲಿಲ್ಲ" ಅಂದರು ಅವ್ವ.

ಜರ್ಮನಿಯಲ್ಲಿ ಇದನ್ನೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಬರ್ಲಿನ್ ಮಾದರಿ ಅಂತ ಹೆಸರು. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗುವಿನ ಜೊತೆಗೇ ಇರುತ್ತಾರೆ, ದಿನಕ್ಕೆ ಸುಮಾರು ಒಂದು ಗಂಟೆ. ಆ ಮೂರು ದಿನ ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೇ ದಿನ ಮಗುವಿಗೆ ಹೇಳಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ. ಟೀಚರ್ ಸಮಾಧಾನ ಮಾಡಿದರೆ ಮಗು ಕೇಳುತ್ತದಾ ಅಂತ ನೋಡಿ ಮುಂದಿನದು. ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಅವ್ವನ ಆ ಕಟ್ಟೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಇಂಗ್ಲೆಂಡಿನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್ ಅನ್ನುವವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಎಂಟು ದಿನ ಚಿತ್ರೀಕರಿಸಿ 1952ರಲ್ಲಿ ತೋರಿಸಿದರು. ಆಗ ಅಲ್ಲಿ ತಂದೆ ತಾಯಿ ಮಗುವಿನ ಜೊತೆ ಇರುವ ಹಾಗಿರಲಿಲ್ಲ. ಹೀಗೆ ತಂದೆ ತಾಯಿ ಬಿಟ್ಟುಹೋದ ಮಕ್ಕಳು ಮೊದಲು ಅಳುತ್ತವೆ, ಆಮೇಲೆ ಸುಮ್ಮನಾಗುತ್ತವೆ. ನರ್ಸ್‌ಗಳು ಮಗು ಹೊಂದಿಕೊಂಡಿತು ಅಂದುಕೊಳ್ಳುತ್ತಿದ್ದರು. ಆದರೆ ಅದು ಹೊಂದಿಕೊಂಡದ್ದಲ್ಲ, ಆಸೆ ಬಿಟ್ಟದ್ದು ಅಂತ ರಾಬರ್ಟ್‌ಸನ್ ಮತ್ತು ಅವರ ಜೊತೆ ಕೆಲಸ ಮಾಡಿದ ಮನೋವೈದ್ಯ ಜಾನ್ ಬೌಲ್ಬಿ ಹೇಳಿದರು. ಎಂಟು ದಿನದ ಆಸ್ಪತ್ರೆಯೂ ಮೂರು ಗಂಟೆಯ ಶಾಲೆಯೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಬ್ಯಾಗು ತೆಗೆಯದೆ ಮೂಲೆಯಲ್ಲಿ ಕೂತ ಮಗುವಿಗೆ ಗುಡ್ ಗರ್ಲ್ ಅಂದಾಗ ನಾನೂ ತಲೆ ಆಡಿಸಿದ್ದೆ. ಅದು ತಪ್ಪು.

ಮಾರನೇ ವಾರ ಶಾಲೆಯಲ್ಲಿ ಕೇಳಿದೆ, ಮೂರು ದಿನ ಒಳಗೆ ಕೂರಲು ಬಿಡಿ ಅಂತ. "ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ" ಅಂದರು. ಎಲ್ಲರೂ ಕೇಳಲಿ ಅನ್ನುವುದೇ ನನ್ನ ಆಸೆ. ಆ ಮಿಸ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತು ಮಕ್ಕಳು ಒಟ್ಟಿಗೆ ಅಳುವಾಗ ಇಬ್ಬರು ಏನು ಮಾಡಬೇಕು? ಎಲ್ಲ ಮಕ್ಕಳನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಕರೆಯುವುದು ಯಾಕೆ ಅನ್ನುವುದು ನನ್ನ ಪ್ರಶ್ನೆ. ದಿನಕ್ಕೆ ಐದು ಮಕ್ಕಳಂತೆ ಒಂದು ವಾರ ತೆಗೆದುಕೊಂಡರೆ ಏನು ನಷ್ಟ? ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಅಂತ ನಮ್ಮ ಸರ್ಕಾರವೇ ನಿಯಮ ಮಾಡಿದೆ. 2025-26ಕ್ಕೆ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ದರು. ಮೂರು ವರ್ಷದ ಮಗುವಿನ ಮುಂದೆ ಇನ್ನೂ ಎರಡು ಮೂರು ವರ್ಷ ಇದೆ. ಅದರಲ್ಲಿ ಒಂದು ವಾರ ಕೊಡೋಕೆ ಆಗದಷ್ಟು ಅವಸರ ಯಾರಿಗಿದೆ?

ಅಡ್ಮಿಷನ್ ಮಾಡುವಾಗ ನಾನು ಫೀಸು ಕೇಳಿದ್ದೆ. ವ್ಯಾನ್ ಕೇಳಿದ್ದೆ. ಕ್ಯಾಮೆರಾ ಇದೆಯಾ ಅಂತ ಕೇಳಿದ್ದೆ. ಮೊದಲ ದಿನ ನಾನು ಎಷ್ಟು ಹೊತ್ತು ಒಳಗೆ ಇರಬಹುದು ಅಂತ ಕೇಳಲೇ ಇಲ್ಲ. ದಯವಿಟ್ಟು ನೀವು ಕೇಳಿ.

ಕೊನೆಗೆ ಶಾಲೆಯವರು ಗೇಟಿನ ಒಳಗಿನ ಬೆಂಚಿನ ಮೇಲೆ ನನ್ನನ್ನು ಹತ್ತು ನಿಮಿಷ ಕೂರಲು ಬಿಡೋಕೆ ಒಪ್ಪಿದರು. ಅದೂ ದೊಡ್ಡದೇ. ಮಗಳಿಗೆ 12 ಗಂಟೆ ಅಂದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಹೇಳುವುದು ಇಷ್ಟು. ಮೊದಲು ಹಾಡು, ಆಮೇಲೆ ಆಟ, ಆಮೇಲೆ ಡಬ್ಬಿ, ಆಮೇಲೆ ಕೈ ತೊಳೆಯೋದು, ಆಮೇಲೆ ಅಪ್ಪ. ಎರಡು ಸಲ ಅವಳ ಬಾಯಲ್ಲೂ ಹೇಳಿಸುತ್ತೇನೆ. "ಈಗ ಅಂಗಡಿಗೆ ಹೋಗ್ತೀನಿ" ಅಂತ ಮುಖ ನೋಡಿ ಹೇಳಿ ಎದ್ದು ಬರುತ್ತೇನೆ. ಅಳುತ್ತಾಳೆ. ಆದರೆ ಚಪ್ಪಲಿ ಅಂತ ಕೂಗುವುದಿಲ್ಲ. ಕೈ ತೊಳೆಯುವ ಹೊತ್ತಿಗೆ ನಾನು ಅಲ್ಲಿ ಇರಲೇಬೇಕು. ಒಂದು ದಿನ ಟ್ರಾಫಿಕ್‌ನಲ್ಲಿ ಸಿಕ್ಕಿ ಹತ್ತು ನಿಮಿಷ ತಡವಾಯಿತು. ಒದ್ದೆ ಕೈ ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅದಾದಮೇಲೆ ಹನ್ನೊಂದು ಮುಕ್ಕಾಲಿಗೇ ಅಂಗಡಿ ಬಿಡುತ್ತೇನೆ.

ಕಳೆದ ಗುರುವಾರ ಡಬ್ಬಿ ಅರ್ಧ ಖಾಲಿಯಾಗಿತ್ತು. ಶುಕ್ರವಾರ ಬ್ಯಾಗು ಕುರ್ಚಿಯ ಪಕ್ಕದಲ್ಲಿತ್ತು.

ನಾಳೆ ಸೋಮವಾರ. ಭಾನುವಾರ ಪೂರ್ತಿ ಮನೆಯಲ್ಲಿದ್ದು ಬಂದರೆ ಮತ್ತೆ ಸ್ವಲ್ಪ ಜಾಸ್ತಿ ಅಳುತ್ತಾಳೆ. ಅಂಗಡಿಯ ಕೀಲಿ ಇವತ್ತೇ ತಮ್ಮನ ಕೈಗೆ ಕೊಟ್ಟಿದ್ದೇನೆ.